ರುದ್ರವ್ವನ ಅಳತೆ ಪುಸ್ತಕ

"ಹೆಂಗಸರ ಉಡುಪು ಹೊಲಿಯೋ ದರ್ಜಿಗೆ ಓದಿದ ಹೆಂಗಸರ ಜೀವನಚರಿತ್ರೆ ಬರಿಯೋದು ಹೆಂಗ ಹೊಳೀತು ಅಂತ ನಾಳೆ ಕೇಳಿದ್ರ ಏನ್ ಹೇಳ್ಲಿಬೇ ಯವ್ವಾ?" ಶೈಲಶ್ರೀ ಅವ್ವನ ಪಕ್ಕ ಬಂದು ಕೂತಳು. ಎರಡೂವರೆ ಶತಮಾನಕ್ಕೂ ಹಿಂದೆ ಅಂಥ ಪುಸ್ತಕ ಬರೆದ ಒಬ್ಬ ಇಂಗ್ಲಿಷ್ ದರ್ಜಿಯ ಮೇಲೆ ಅವಳು ಪಿಎಚ್.ಡಿ. ಮಾಡಬೇಕೆಂದಿದ್ದಳು, ಅದರ ಸಂದರ್ಶನ ನಾಳೆ.

ರುದ್ರವ್ವ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. "ಇಷ್ಟ ಓದಿ ಇದು ತಿಳೀವಲ್ದ ನಿನಗ? ಅಳತಿ ಕೊಡೋ ಮುಂದ ಯಾವ ಹೆಂಗಸು ಬಾಯಿ ಮುಚ್ಚಿಕೊಂಡು ನಿಂದರ್ತಾಳ?" ಎನ್ನುತ್ತ ತನ್ನ ಅಳತೆ ಪುಸ್ತಕವನ್ನು ಮಗಳ ಮಡಿಲಿಗೆ ಹಾಕಿದಳು.

ಬಿಬವೇವಾಡಿ ಬಡಾವಣೆಯ ಆ ಹೊಲಿಗೆ ಅಂಗಡಿಯಲ್ಲೇ ಬೆಳೆದರೂ ಶೈಲಶ್ರೀ ಅದನ್ನು ಎಂದೂ ತೆರೆದಿರಲಿಲ್ಲ. ಎದೆ, ಸೊಂಟ, ತೋಳಿನ ಅಂಕಿಗಳ ಕೆಳಗೆ ಅವ್ವನ ಸಣ್ಣ ಅಕ್ಷರಗಳಿದ್ದವು. 'ಸಕ್ಕುಬಾಯಿ. ಇಟ್ಟಂಗಿ ಹೊತ್ತು ಬಲಭುಜ ಇಳದದ. ಸಹಿ ಕಲ್ತಾಳ.' 'ದುರ್ಗಾ. ತೋಳು ಉದ್ದ ಇಡಬೇಕು, ಸುಟ್ಟ ಕಲಿ ಅದ. ಮೂರು ಮಕ್ಕಳಾದ ಮ್ಯಾಲ ಹತ್ತನೇ ಇಯತ್ತೆ ಪಾಸು.' ಪುಟದಿಂದ ಪುಟಕ್ಕೆ ಹೆಂಗಸರು, ಇಪ್ಪತ್ತು ವರ್ಷಗಳಲ್ಲಿ ಅಂಗಡಿಗೆ ಬಂದುಹೋದ ಹೆಂಗಸರು.

"ಇದೆಲ್ಲಾ ಯಾಕ ಬರದೀಬೇ?"

"ಮರತ-ಗಿರತೇನಂತ," ಎಂದು ರುದ್ರವ್ವ ಮತ್ತೆ ಯಂತ್ರ ತುಳಿಯತೊಡಗಿದಳು.

ಶೈಲಶ್ರೀ ಎದ್ದು ನಿಂತಳು. ಹುಟ್ಟಿದಾಗಿನಿಂದ ಕಂಡ ಅವ್ವನಲ್ಲಿ ಈಗ ಆ ದರ್ಜಿಯೇ ಕಂಡಂತಾಗಿ, ಆಕೆಯ ಎದುರು ಕೂತೇ ಇರಲು ಅವಳಿಗೆ ಆಗಲಿಲ್ಲ.