ಅಂತರಪಟದ ಈಚೆ

ಅಂತರಪಟದ ಈಚೆ ವಧು, ಜೀರಿಗೆ-ಬೆಲ್ಲದ ವೀಳ್ಯದೆಲೆಯ ಅಡಿಯಲ್ಲಿ ಫೋನು ಬಚ್ಚಿಟ್ಟುಕೊಂಡು ಒಂದೇ ಸಮನೆ ಒತ್ತುತ್ತಿದ್ದಳು. ಅವಳೂ ವರನೂ ಒಂದೇ ಆಫೀಸು. ಅಲ್ಲಿ ಇಬ್ಬರೂ ಸೇರಿ ಮಾಡುತ್ತಿದ್ದ ವರ್ಚುವಲ್ ಮಷೀನಿಗೆ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿಗೆ, ನಾಲ್ಕು ಪ್ರೊಸೆಸರ್. ಮೊದಲನೆಯದು ಗಡಿಯಾರ ಹೊಂದಿಸುವ ಮುನ್ನವೇ ಉಳಿದ ಮೂರೂ ಹೊರಟುಬಿಟ್ಟು, ಹೊತ್ತೆಲ್ಲ ಹಿಂದುಮುಂದಾಗುತ್ತಿತ್ತು. ಅದನ್ನು ಸರಿಮಾಡಿ ಗಿರಾಕಿಗೆ ಇವತ್ತೇ ಕೊಡಬೇಕು.

"ಒಳಗಿಡೇ ಅದನ್ನ!" ಅಮ್ಮ ತಿವಿದರು. "ಮದುವೆ ದಿನ ಕೆಲಸ ಮುಟ್ಟಿದ್ರೆ ಮಂಟಪದಿಂದ ಎದ್ದು ಹೋಗ್ತೀನಿ ಅಂದಿದಾರೆ ಅಳಿಯಂದ್ರು."

"ಆ ಮೂರಕ್ಕೂ ಕಾಯೋಕೆ ಹೇಳ್ಬಿಟ್ರೆ ಮುಗೀತಮ್ಮ. ಒಂದೇ ಸಾಲು ಕೋಡು!"

"ಮುಹೂರ್ತ ಕಾಯತ್ತೇನೇ?"

ಅವಳು ಆ ಸಾಲನ್ನು ಆಫೀಸಿಗೆ ಕಳಿಸಿ ಉತ್ತರ ಕಾಯುತ್ತಿರುವಾಗಲೇ ಗಟ್ಟಿಮೇಳ ಮೊಳಗಿ ಅಂತರಪಟ ಸರಿಯಿತು. ಫೋನು ಕೈಯಲ್ಲೇ ಉಳಿಯಿತು. ವರನ ಕಣ್ಣು ನೇರ ಅದರ ಮೇಲೇ ಬಿತ್ತು. ಅವಳು ಅದನ್ನು ಸೆರಗಿನಡಿ ತುರುಕಿದಳು.

ಅವಳ ತಲೆಗೆ ಜೀರಿಗೆ-ಬೆಲ್ಲ ಹಾಕುತ್ತ ವರ ಬಗ್ಗಿ ಪಿಸುಗುಟ್ಟಿದ: "ನೀನು ಕಳಿಸಿದ್ದನ್ನ ಪಟದ ಆಚೆ ನಿಂತು ನನ್ನ ಫೋನಲ್ಲೇ ಓಡಿಸಿ ನೋಡ್ದೆ ಕಣೇ, ನಾಲ್ಕನೇದು ಇನ್ನೂ ಕಾಯ್ತಿಲ್ಲ!"