ಹಿಂದಿನ ಸೀಟಿನ ಹಿನ್ನೀರು

ಕಬಿನಿ ಹಿನ್ನೀರಿನ ಮೊಸಳೆಗಳು ಮಹದೇವಸ್ವಾಮಿಯ ಕಾರಿನ ಹಾರ್ನ್ ಕೇಳಿದರೆ ಸಾಕು, ದಡಕ್ಕೆ ಬಂದು ಸಾಲಾಗಿ ನಿಂತು ಬಾಲ ಎತ್ತಿ ಸಲಾಮು ಹೊಡೆಯುತ್ತಿದ್ದವು. ಒಂದೆರಡಲ್ಲ, ನಾನೂರು. ಅದರಲ್ಲೊಂದು ಮುದಿ ಮೊಸಳೆಯಂತೂ ಅವನು ಎಸೆದ ಎಲೆಅಡಿಕೆಯನ್ನು ಗಾಳಿಯಲ್ಲೇ ಹಿಡಿದು, ಜಗಿದು, ಬಾಯಿ ಕೆಂಪು ಮಾಡಿಕೊಂಡು ನೀರಿಗೆ ಮರಳುತ್ತಿತ್ತು. ಇದನ್ನು ನಂಬಿದವರಿಗೆಲ್ಲ ಚಾಮರಾಜಪುರಂ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನ ಲೆಕ್ಕದಲ್ಲಿ ಟೀ. ಇಪ್ಪತ್ತಾರು ವರ್ಷದ ಡ್ರೈವರಿಕೆಯಲ್ಲಿ ಅವನು ಯಾರಿಗೂ ಟೀ ಕುಡಿಸಿದ್ದಿಲ್ಲ.

ಆ ಶನಿವಾರ ಬೆಳಗ್ಗೆ ಅದೇ ಮೊಸಳೆಗಳು ಅವನ ಕುತ್ತಿಗೆಗೇ ಬಂದವು. ಹೆಂಡತಿ ಮಂಚಮ್ಮ ಹಸಿರು ಸೀರೆಯುಟ್ಟು, ಮೊಳ ಮಲ್ಲಿಗೆ ಮುಡಿದು, ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಗಂಡನಿಗೆ ಒಂದು ಮಾತೂ ಹೇಳದೆ, ಮಗಳು ಕೀರ್ತಿಯ ಫೋನಿನಿಂದ ಹಿನ್ನೀರಿನ ರೆಸಾರ್ಟೊಂದರಲ್ಲಿ ಜೋಡಿಗಳಿಗೆಂದೇ ಇರುವ ಎರಡು ದಿನದ ರೂಮು ಹಿಡಿಸಿದ್ದಳು.

"ಮೈಸೂರಿನ ಜೋಡಿಗಳನ್ನೆಲ್ಲ ಕರ್ಕೊಂಡೋಗಿ ತೋರಿಸಿದ್ದಾಯ್ತು. ನಾನೂ ಒಂದು ಜೋಡಿಯೇ. ನಡೀರಿ."

"ನೀನೊಬ್ಬಳೇ ಎಂಗೆ ಜೋಡಿ ಆದೀಯೆ ಕಣಮ್ಮಿ?"

"ಇನ್ನೊಂದು ತಲೆ ಸ್ಟೇರಿಂಗ್ ಮುಂದೆ ಕೂತದಲ್ಲ."

"ಮುಂದಿನ ವಾರ ಓಗುವಾ ಬುಡು. ಕ್ಲಚ್ ಯಾಕೋ ಸರಿಯಾಗಿಲ್ಲ."

"ಬಸ್ಸಿನ ಕ್ಲಚ್ ಸರಿಯಾಗೇ ಅದೆ. ನೀವು ಬರದಿದ್ರೆ ಅದ್ರಲ್ಲೇ ಓಯ್ತೀನಿ. ಈ ಸಲ ಆ ನೀರು ನೋಡ್ದೆ ಮನೆ ಹೊಸ್ತಿಲು ತುಳಿಯಲ್ಲ."

ಹಿನ್ನೀರಿನ ಕಡೆಗೆ ಹೋಗುವ ಕೋಟೆ ರಸ್ತೆಯಲ್ಲಿ ಅಂದು ಅವನ ಕಾರು ಓಡಿದಷ್ಟು ನಿಧಾನವಾಗಿ ಭೂಮಿಯ ಮೇಲೆ ಇನ್ನಾವ ಗಾಡಿಯೂ ಓಡಿಲ್ಲ. ಹಂಪಾಪುರದ ಹತ್ತಿರ ಒಂದು ಬಸವನಹುಳು ಓವರ್‌ಟೇಕ್ ಮಾಡಿ, ಪಾಪ ಎಂಬಂತೆ ತಿರುಗಿ ನೋಡಿ ಹೋಯಿತು. ಇಂಜಿನ್ ಕಾದಿದೆಯೆಂದು ಅವನು ಎರಡು ಸಲ ನಿಲ್ಲಿಸಿದ. ಎರಡು ಸಲವೂ ಮಂಚಮ್ಮ ಇಳಿದು ಬಂದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ, "ನನ್ನ ದೋಸೆ ಹಂಚಿನ ಅರ್ಧದಷ್ಟೂ ಕಾದಿಲ್ಲ, ನಡೀರಿ" ಎಂದು ಮತ್ತೆ ಹಿಂದೆ ಹೋಗಿ ಕೂತಳು.

ಅವಳಿಗೆ ಅವನ ಕಥೆಗಳೆಲ್ಲ ಬಾಯಿಪಾಠ. ಬೇರೆಯವರನ್ನು ಸುತ್ತಾಡಿಸಿ ಬಂದ ಭಾನುವಾರಗಳಲ್ಲಿ ಅವನು ಅವಳಿಗೆಂದು ತರುತ್ತಿದ್ದುದು ಅವನ್ನೇ.

"ಆ ಹೂ ಕಟ್ಟಿರೋ ಉಯ್ಯಾಲೆ ಈಗಲೂ ಅದೆಯಾ? ತೂಗಿದ್ರೆ ಕಾಲು ನೀರಿಗೆ ತಾಕ್ತದೆ ಅಂದಿದ್ರಿ."

"ತಾಕ್ತದೆ ತಾಕ್ತದೆ. ಮೀನು ಬಂದು ಅಂಗಾಲಿಗೆ ಕಚಗುಳಿ ಇಡ್ತವೆ." ಬಾಯಿ ತಡೆಯಲಿಲ್ಲ. "ನನ್ನನ್ನೇ ಎಷ್ಟೋ ಸಲ ಬಲವಂತವಾಗಿ ಕೂರಿಸವ್ರೆ."

"ಅಂಗಾದ್ರೆ ಈವತ್ತು ನಾನು ಕೂತ್ಕತೀನಿ, ನೀವು ತೂಗಿ. ಅಷ್ಟೇ ಸಾಕು ನನಗೆ."

ಮಹದೇವಸ್ವಾಮಿ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಎಷ್ಟು ನಿಧಾನ ಮಾಡಿದರೂ ರೆಸಾರ್ಟಿನ ಗೇಟು ಬಂದೇಬಂತು. ಅವನು ಇಳಿದು, ಹಿಂದಿನ ಬಾಗಿಲು ತೆರೆದು ಹಿಡಿದು, ಡಿಕ್ಕಿಯಿಂದ ಬ್ಯಾಗು ಇಳಿಸಿ ಗೇಟಿನ ಪಕ್ಕ ಇಟ್ಟ. ಕಾರನ್ನು ಪಾರ್ಕಿಂಗಿಗೆ ಹಾಕಿದ. ಆಮೇಲೆ ನೆಟ್ಟಗೆ ಹೋಗಿ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟ. ಮನಸ್ಸು ಹೇಳಿದ್ದಲ್ಲ, ಕಾಲುಗಳೇ ಕರೆದೊಯ್ದವು.

ಗೇಟಿನ ಕಾವಲುಗಾರ ಕೈಯಲ್ಲಿದ್ದ ಪಟ್ಟಿ ನೋಡಿದ. "ಇದ್ರಲ್ಲಿ ಇಬ್ಬರ ಹೆಸರದೆ ಅಮ್ಮ. ಸಾಹೇಬ್ರು ಎಲ್ಲಿ?"

"ಅಗೋ, ಅಲ್ಲಿ ಕೂತವ್ರೆ."

ಕಾವಲುಗಾರ ನಕ್ಕ. "ಅವರು ನಮ್ಮ ಸ್ವಾಮಣ್ಣ ಕಣಮ್ಮ, ಡ್ರೈವರು. ಡ್ರೈವರ್‌ಗಳನ್ನ ಒಳಕ್ಕೆ ಬುಡಲ್ಲ. ನಾನು ಬಂದು ಒಂಬತ್ತು ವರ್ಷ ಆಯ್ತು, ಅವರು ಆ ಬೆಂಚಿಂದ ಈಚೆಗೆ ಬಂದಿದ್ದೇ ಕಂಡಿಲ್ಲ."

ಮಂಚಮ್ಮ ಪಟ್ಟಿಯ ಮೇಲೆ ಬೆರಳಿಟ್ಟಳು. "ಇನ್ನೊಂದು ಹೆಸರು ಏನದೆ, ಓದಪ್ಪ."

"ಮಹದೇವ... ಸ್ವಾಮಿ," ಎಂದು ಓದಿದವನು ಬೆಂಚಿನ ಕಡೆ ನೋಡಿದ. ಪಟ್ಟಿಯನ್ನು ಮತ್ತೊಮ್ಮೆ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು, ಸಣ್ಣ ಬಾಗಿಲನ್ನು ಬಿಟ್ಟು ದೊಡ್ಡ ಗೇಟನ್ನೇ ತೆರೆದ.

ಅವಳು ಬೆಂಚಿನ ಹತ್ತಿರ ಹೋದಳು. ಬಗ್ಗಿ, ಚಪ್ಪಲಿಗಳನ್ನು ಗೇಟಿನ ಕಡೆ ಮುಖ ಮಾಡಿ ಅವನ ಕಾಲ ಮುಂದೆ ಇಟ್ಟಳು.

"ಮೆಟ್ಕಳಿ."

"ನೀನು ಓಗ್ಬುಟ್ಟು ಬಾ ಕಣಮ್ಮಿ. ನಾನು ನೋಡಿದ್ದನ್ನೇ ಏನು ನೋಡದು..."

"ನೋಡಿದ್ದೀರಲ್ಲ, ಹೇಳಿ. ಇಲ್ಲಿಂದ ನೀರು ಯಾವ ಕಡೆಗದೆ?"

ಮಹದೇವಸ್ವಾಮಿ ಠೀವಿಯಿಂದ ಎಡಗಡೆಗೆ ಕೈ ತೋರಿಸಿದ. ಕಾವಲುಗಾರನ ಮುಖ ನೋಡಿ ಕೈಯನ್ನು ಮೆಲ್ಲಗೆ ಬಲಗಡೆಗೆ ತಿರುಗಿಸಿದ. ಆಮೇಲೆ ಇಳಿಸಿಬಿಟ್ಟ.

"ಉಯ್ಯಾಲೆ, ಮೀನು, ಎಲ್ಲ ವಾಪಸ್ ಬರೋವಾಗ ಹಿಂದಿನ ಸೀಟ್ನೋರು ಮಾತಾಡ್ಕೊಂಡಿದ್ದು ಕಣಮ್ಮಿ," ಎಂದ, ಚಪ್ಪಲಿಗೆ ಕಾಲು ತೂರಿಸುತ್ತ. "ಮೊಸಳೆ ಒಂದು ಮಾತ್ರ ನನ್ನ ಸ್ವಂತದ್ದು. ಇಷ್ಟು ವರ್ಷದಲ್ಲಿ ಇಲ್ಲಿ ನಾನು ಕಂಡಿರೋ ನೀರು ಅಂದ್ರೆ, ಅಗೋ, ಕಾರು ತೊಳೆಯೋ ಆ ನಲ್ಲಿ."