ಮೈಮೇಲಿನ ಗುರುತು

"ಅಜ್ಜಿ, ನಿಮ್ಮಪ್ಪ ಸಿಕ್ಕಿದ್ರು," ಎಂದು ಮೊಮ್ಮಗಳು ಮೆಲ್ಲಗೆ ಹೇಳಿದಾಗ ಅಜ್ಜಿ ಎಡಗೈಯನ್ನು ಶಾಲಿನೊಳಗೆ ಇನ್ನಷ್ಟು ಸರಿಸಿಕೊಂಡರು. ಆ ಕೈಗೆ ಆರು ಬೆರಳು. ಅದನ್ನು ನೋಡಲಾರದೆಯೇ ಅಪ್ಪ ತೊಟ್ಟಿಲ ಮಗುವನ್ನು ಬಿಟ್ಟು ಬಂದರಿನ ಕಾವಲು ಪಡೆ ಸೇರಿದ, ಕೊನೆಗೆ ಸಮುದ್ರದ ಪಾಲಾದ ಎಂದು ಸೋದರತ್ತೆ ಒಮ್ಮೆ ಆಡಿದ ಮಾತು ಎಪ್ಪತ್ತು ವರ್ಷವಾದರೂ ಅವರ ಮನಸ್ಸಿನಿಂದ ಹೋಗಿರಲಿಲ್ಲ.

ದಾಖಲೆ ಕೋಣೆಯ ಗುಮಾಸ್ತ ದಪ್ಪನೆಯ ರಿಜಿಸ್ಟರನ್ನು ಅವರತ್ತ ತಿರುಗಿಸಿದ. "ದೋಣಿ ಮುಳುಗಿ ಹೆಣ ಸಿಕ್ಕರೆ ಗೊತ್ತಾಗ್ಲಿ ಅಂತ ಮೈಮೇಲಿನ ಗುರುತನ್ನೆಲ್ಲ ಬರ್ಕೊಳ್ತಿದ್ರು, ಅಮ್ಮ. ಸೇರಿದ ವರ್ಷ 'ಏನೂ ಇಲ್ಲ' ಅಂತಿದೆ. ಮರುವರ್ಷದ್ದು ನೋಡಿ, ತಮಾಷೆಯಾಗಿದೆ."

ಮೊಮ್ಮಗಳು ಓದಿದಳು: "ಎದೆಯ ಎಡಭಾಗದಲ್ಲಿ ಹಚ್ಚೆ. ಮಗುವಿನ ಅಂಗೈ, ಆರು ಬೆರಳು." ಪಕ್ಕದಲ್ಲಿ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಗದರಿದ್ದ: "ಐದು ಎಂದು ತಿದ್ದಿ. ಕಣ್ಣು ಬಿಟ್ಟುಕೊಂಡು ಬರೆಯಿರಿ." ಅದರ ಕೆಳಗೆ ಬರೆದವನ ಉತ್ತರವಿತ್ತು: "ಎರಡು ಸಲ ಎಣಿಸಿದ್ದೇನೆ, ಸ್ವಾಮಿ. ಆರೇ. ಕೇಳದವರಿಗೂ ಅಂಗಿ ಬಿಚ್ಚಿ, ಮಗಳ ಕೈ ಎಂದು ತೋರಿಸುತ್ತಾನೆ."

"ಎರಡು ಸಲ ಎಣಿಸಿಯೂ ಎಡವಿದ್ದಾನೆ, ಪುಣ್ಯಾತ್ಮ!" ಎಂದು ಗುಮಾಸ್ತ ನಕ್ಕ. ಮೊಮ್ಮಗಳು ನಗಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಶಾಲನ್ನು ಸರಿಸಿದರು. ಎಡಗೈಯನ್ನು ಹೊರತೆಗೆದು, ಬೆರಳುಗಳನ್ನೆಲ್ಲ ಅಗಲಿಸಿ, ಆ ಹಳೆಯ ಪುಟದ ಮೇಲೆ ಇಟ್ಟರು.

"ನೀನೂ ಒಂದ್ಸಲ ಎಣಿಸಿ ನೋಡಪ್ಪಾ," ಎಂದರು.